ಕಣ್ಣು ಕೊನೆಗೆ ಇಡುತ್ತಿದ್ದ ಮಹಾಬಲಣ್ಣ

"ಅಮ್ಮಾ, ಮಹಾಬಲಜ್ಜ ಈ ಅಕ್ಕನಿಗೆ ನನ್ನ ಕಣ್ಣು ಯಾಕೆ ಇಟ್ಟದ್ದು?"

ಬೆಳಿಗ್ಗೆ ಮನ್ವಿತಾಳಿಗೆ ಎರಡು ಜಡೆ ಹಾಕುತ್ತಿದ್ದೆ. ಶಾಲೆಯ ವ್ಯಾನು ಬರಲು ಹತ್ತು ನಿಮಿಷವಿತ್ತು. ಅವಳು ಗೋಡೆಯ ಕನ್ನಡಿಯನ್ನೊಮ್ಮೆ, ಅದರ ಪಕ್ಕದಲ್ಲಿ ತೂಗುವ ಚಿತ್ರವನ್ನೊಮ್ಮೆ ನೋಡಿ ಹೀಗೆ ಕೇಳಿದಳು. ಚಿತ್ರದಲ್ಲಿರುವುದು ಹತ್ತೊಂಬತ್ತು ವರ್ಷದ ಹುಡುಗಿ, ಹೆಸರು ಶಂಕರಿ. ನಮ್ಮ ಸಂಬಂಧದವಳಲ್ಲ. ನಾನು ಹುಟ್ಟುವುದಕ್ಕೆ ಇಪ್ಪತ್ತೆಂಟು ವರ್ಷ ಮೊದಲೇ ತೀರಿಹೋದವಳು. ಆದರೆ ಕಣ್ಣು ನನ್ನ ಏಳು ವರ್ಷದ ಮಗಳದ್ದು.

"ಬೇಕಿತ್ತು, ಕೇಳಿದರು, ಕೊಟ್ಟೆವು" ಎಂದೆ.

"ಮತ್ತೆ ವಾಪಸ್ ಕೊಟ್ಟರಾ?"

"ನಿನ್ನ ಮುಖದಲ್ಲಿ ಇರುವುದು ಎಂತ ಮತ್ತೆ?"

ಅವಳು ಕನ್ನಡಿಗೆ ಮೂಗು ತಾಗಿಸಿ ಪರೀಕ್ಷೆ ಮಾಡಿಕೊಂಡಳು. ಅಷ್ಟರಲ್ಲಿ ವ್ಯಾನಿನ ಹಾರನ್ ಕೇಳಿ ಒಂದು ಜಡೆಗೆ ರಿಬ್ಬನ್ ಇದ್ದು ಇನ್ನೊಂದಕ್ಕೆ ಇಲ್ಲದ ಹಾಗೆಯೇ ಓಡಿದಳು.

ನಾನು ಹೇಳಿದ್ದು ಸುಳ್ಳಲ್ಲ, ಆದರೆ ಅಷ್ಟೇ ಸಾಲದು. ಅವಳ ಹಾಲಿನ ಲೋಟ ತೊಳೆದಿಟ್ಟು, ಕುಕ್ಕರ್ ಒಲೆಗೇರಿಸಿ, ಹಳೆಯ ಡೈರಿಗಳನ್ನು ಕಪಾಟಿನಿಂದ ತೆಗೆದೆ. ಅವಳು ದೊಡ್ಡವಳಾಗಿ ಇದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳುವ ಹೊತ್ತಿಗೆ ನನಗೆ ಎಲ್ಲ ನೆನಪಿರುತ್ತದೋ ಇಲ್ಲವೋ. ಮಹಾಬಲಣ್ಣನಂತೂ ಇಲ್ಲ. ಅವರು ಹೋಗಿ ಈ ಆಗಸ್ಟಿಗೆ ಒಂದು ವರ್ಷವಾಯಿತು.

ಮಹಾಬಲಣ್ಣನ ಕೆಲಸ ಇದು ಎಂದು ಒಂದೇ ಮಾತಿನಲ್ಲಿ ಹೇಳಲು ಊರಿನವರಿಗೂ ಆಗುತ್ತಿರಲಿಲ್ಲ. ನಮ್ಮ ಕಾಸರಗೋಡಿನ ಬಂದ್ಯೋಡಿನಲ್ಲಿ ಹೈವೇಗೆ ಮುಖಮಾಡಿ ಮಮ್ಮಾಲಿಚ್ಚನ ಕಬ್ಬಿಣದ ಸಾಮಾನಿನ ಅಂಗಡಿ ಉಂಟಲ್ಲ, ಅದರ ಮಾಳಿಗೆಯ ಒಂದು ಕೋಣೆಯಲ್ಲಿ ಅವರ ವಾಸ, ಅಲ್ಲೇ ಕೆಲಸ. ಕನ್ನಡದಲ್ಲೂ ಮಲಯಾಳದಲ್ಲೂ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದರು. ಮೊಗ್ರಾಲಿನ ಅಳಿವೆಗೆ ಹೋಗಿ ದೋಣಿಗಳ ಮೂತಿಗೆ ಹೆಸರು ಬರೆದು ಬರುತ್ತಿದ್ದರು. ಶಾಲೆಯ ವಾರ್ಷಿಕೋತ್ಸವದ ಪರದೆಗಳಲ್ಲಿ ಅರಮನೆಯೂ ಕಾಡೂ ಅವರದ್ದೇ. ಚೌತಿಗೆ ಗಣಪತಿ ಮಾಡುತ್ತಿದ್ದರು. ಶುಕ್ರವಾರ ಭಜನಾ ಮಂದಿರದಲ್ಲಿ ಹಾರ್ಮೋನಿಯಂ ನುಡಿಸಿದವರು ಶನಿವಾರ ಮೊಗ್ರಾಲಿನ ಯಾವುದೋ ಮದುವೆಮನೆಯಲ್ಲಿ ಟೈಪ್‌ರೈಟರಿನ ಹಾಗೆ ಗುಂಡಿಗಳಿರುವ ತಂತಿವಾದ್ಯ ಬುಲ್‌ಬುಲ್ ಹಿಡಿದು ಕೂತಿರುತ್ತಿದ್ದರು. ಕುಂಜತ್ತೂರಿನಿಂದ ಮೊಗ್ರಾಲಿನವರೆಗೆ ಯಾವ ಮಂದಿರದ ಹಾರ್ಮೋನಿಯಂ ಕೆಟ್ಟರೂ ಬಿಚ್ಚುವವರು ಅವರು. ಎಷ್ಟು ತೊಳೆದರೂ ಬೆರಳಿನ ಬಣ್ಣ ಹೋಗುತ್ತಿರಲಿಲ್ಲವಾದ್ದರಿಂದ ಅವರು ಸರಿಮಾಡಿದ ಹಾರ್ಮೋನಿಯಂ ಪೆಟ್ಟಿಗೆಯ, ಬೆರಳೊತ್ತುವ ಬಿಳಿ ಮನೆಗಳ ಮೇಲೆ ಒಂದು ನೀಲಿ ಬೆರಳಚ್ಚೋ ಒಂದು ಹಸಿರು ಗೆರೆಯೋ ಉಳಿದೇ ಉಳಿಯುತ್ತಿತ್ತು.

ಮಮ್ಮಾಲಿಚ್ಚನಿಗೂ ಅವರಿಗೂ ದಿನಕ್ಕೊಂದು ಜಗಳ ಆಗದಿದ್ದರೆ ಇಬ್ಬರಿಗೂ ಚಹಾ ಇಳಿಯುತ್ತಿರಲಿಲ್ಲ. "ಊರಿಗೆಲ್ಲ ಬೋರ್ಡು ಬರ್ದಾಯ್ತು, ನನ್ನ ಅಂಗಡಿಗೆ ಮಾತ್ರ ಹನ್ನೆರಡು ವರ್ಷದಿಂದ ನಾಳೆ ಅಂತ ಬರ್ದಿಟ್ಟಿದ್ದಾನೆ" ಎಂದು ಮಮ್ಮಾಲಿಚ್ಚ ಗಿರಾಕಿಗಳ ಹತ್ತಿರ ದೂರುತ್ತಿದ್ದರು. ಮಾಳಿಗೆಯಿಂದ ಉತ್ತರ ಬರುತ್ತಿತ್ತು: "ನಿನ್ನ ಅಂಗಡಿ ಗೊತ್ತಿಲ್ಲದವ ಬಂದ್ಯೋಡಿಗೆ ಯಾಕೆ ಬರ್ತಾನೆ ಮಾರಾಯ?" ಅದು ನಿಜವೂ ಹೌದು. ಆ ಅಂಗಡಿಗೆ ಇವತ್ತಿಗೂ ಬೋರ್ಡಿಲ್ಲ.

ಆದರೆ ಮನೆಮನೆಗಳಲ್ಲಿ ಅವರ ಹೆಸರು ಉಳಿದದ್ದು ತೀರಿಹೋದವರ ಚಿತ್ರಗಳಿಂದ. ಆಗ ಎಲ್ಲರ ಮನೆಯಲ್ಲೂ ಫೋಟೋ ಎಲ್ಲಿತ್ತು? ಇದ್ದರೆ ಯಾವುದೋ ಕಾರ್ಡಿನ ಒಂದು ತುಂಡು. ಆ ತುಂಡಿನ ಮೇಲೆ ಪೆನ್ಸಿಲಿನಿಂದ ಸಣ್ಣ ಚೌಕಗಳನ್ನು ಎಳೆದು, ದೊಡ್ಡ ಹಾಳೆಯ ಮೇಲೆ ಅಷ್ಟೇ ಸಂಖ್ಯೆಯ ದೊಡ್ಡ ಚೌಕಗಳನ್ನು ಎಳೆದು, ಒಂದೊಂದೇ ಚೌಕವನ್ನು ಇದ್ದಿಲ ಪುಡಿಯಿಂದ ತುಂಬುತ್ತಾ ಬರುತ್ತಿದ್ದರು. ಹಣೆ, ಮೂಗು, ಕಿವಿ, ಅಂಗಿಯ ಕಾಲರು ಎಲ್ಲ ಮುಗಿದರೂ ಕಣ್ಣಿನ ಜಾಗ ಬಿಳಿಯಾಗಿಯೇ ಇರುತ್ತಿತ್ತು. ಅದನ್ನು ತುಂಬಲು ತೀರಿಹೋದವರ ರಕ್ತಸಂಬಂಧದವರೊಬ್ಬರು ಬಂದು ಅವರೆದುರು ಕೂರಬೇಕು. ಆ ಕಣ್ಣು ನೋಡಿ ಈ ಕಣ್ಣು.

"ಫೋಟೋದಲ್ಲಿ ಮನುಷ್ಯ ಕ್ಯಾಮರಾ ನೋಡ್ತಾನೆ. ಮನೆಯವರನ್ನು ನೋಡುವ ಕಣ್ಣೇ ಬೇರೆ" ಎನ್ನುವುದು ಅವರ ಮಾತು.

ನಾನು ಅವರೆದುರು ಕೂತದ್ದು ೨೦೦೧ರಲ್ಲಿ. ನನಗೆ ಹನ್ನೊಂದು ವರ್ಷ. ಅಪ್ಪ ಕಾಸರಗೋಡು–ಮಂಗಳೂರು ಬಸ್ಸಿನ ಡ್ರೈವರ್ ಆಗಿದ್ದವರು, ಕಾಮಾಲೆಯಾಗಿ ಹದಿನೈದೇ ದಿನದಲ್ಲಿ ಹೋಗಿಬಿಟ್ಟರು. ಇದ್ದ ಒಂದೇ ಫೋಟೋ ಓಟಿನ ಗುರುತು ಚೀಟಿಯದ್ದು. ಅದರಲ್ಲಿ ಅಪ್ಪನ ಕಣ್ಣು ಅರ್ಧ ಮುಚ್ಚಿತ್ತು. ಅದು ಬಂದ ದಿನ ಅಪ್ಪನೇ ಅದನ್ನು ನೋಡಿ, ಡ್ರೈವರ್ ನಿದ್ದೆ ಮಾಡುವ ಫೋಟೋ ಸರಕಾರವೇ ತೆಗೆದಿದೆ, ಬಸ್ಸಿನ ಯಜಮಾನರಿಗೆ ತೋರಿಸಬೇಡಿ ಎಂದು ನಗಾಡಿದ್ದರು. ಅಪ್ಪನಿಗೆ ಅಣ್ಣತಮ್ಮಂದಿರಿರಲಿಲ್ಲ. ರಕ್ತಸಂಬಂಧವೆಂದರೆ ನಾನೊಬ್ಬಳೇ. ಸತ್ತವರ ಚಿತ್ರಕ್ಕೆ ಮಗುವಿನ ಕಣ್ಣು ಕೊಡುವುದುಂಟಾ ಎಂದು ನೆಂಟರಲ್ಲಿ ಒಬ್ಬಿಬ್ಬರು ಅಮ್ಮನ ಹತ್ತಿರ ಗೊಣಗಿದರು. ಅಮ್ಮ ನನ್ನ ಕೈ ಹಿಡಿದುಕೊಂಡು ಮಾಳಿಗೆಯ ಮೆಟ್ಟಿಲು ಹತ್ತಿಸಿದರು.

ಮಹಾಬಲಣ್ಣ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಅಪ್ಪ ನಿನ್ನನ್ನು ಯಾವಾಗ ನೋಡುತ್ತಿದ್ದರು ಎಂದು ಕೇಳಿದರು. ನಾನು ಯೋಚಿಸಿ ಹೇಳಿದೆ. ಶಾಲೆ ಬಿಡುವ ಹೊತ್ತಿಗೆ ಅಪ್ಪನ ಬಸ್ಸೇ ಬಂದರೆ ನಾನು ಹಿಂದಿನ ಬಾಗಿಲಿನಿಂದ ಹತ್ತುತ್ತಿದ್ದೆ. ಹತ್ತಿದೆನೋ ಇಲ್ಲವೋ ಎಂದು ಅಪ್ಪ ಕನ್ನಡಿಯಲ್ಲಿ ನೋಡಿ, ಆಮೇಲೆ ಗೇರು ಹಾಕುತ್ತಿದ್ದರು.

"ಹಾಗಾದ್ರೆ ನೀನೀಗ ಡ್ರೈವರ್. ಹಿಂದೆ ಮಗಳು ಹತ್ತುತ್ತಾ ಇದ್ದಾಳೆ. ನೋಡು" ಎಂದರು.

ನೋಡಿದೆ. ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ಅಳು ಬರಲಿಲ್ಲ, ಮಗಳು ಸರಿಯಾಗಿ ಹತ್ತಲಿ ಎಂಬ ಯೋಚನೆಯೇ ಇತ್ತು. ಚಿತ್ರ ಮನೆಗೆ ಬಂದ ದಿನ ಅಪ್ಪನ ಬಸ್ಸಿನ ಕಂಡಕ್ಟರ್ ಅದರ ಎದುರು ನಿಂತು, ತನಗೇ ತಿಳಿಯದೆ, "ಹೋಗುವಾ" ಎಂದುಬಿಟ್ಟರು. ಅಳಬೇಕಾದವರೆಲ್ಲ ಅತ್ತದ್ದು ಆಗ.

ಆ ದಿನ ಮಹಾಬಲಣ್ಣ ಅಮ್ಮನ ಹತ್ತಿರ, ಈ ಹುಡುಗಿಗೆ ಅಲುಗಾಡದೆ ಕೂರಲು ಬರುತ್ತದೆ, ಕೂರಲು ಬರುವವರಿಗೆ ಪೆಟ್ಟಿಗೆಯೂ ಬರುತ್ತದೆ, ಶನಿವಾರ ಕಳಿಸಿ ಎಂದಿದ್ದರು. ಹಾಗೆ ಹತ್ತು ವರ್ಷ ಪ್ರತಿ ಶನಿವಾರ ಮಾಳಿಗೆಗೆ ಹೋದೆ. ಎಡಗೈಯಲ್ಲಿ ಗಾಳಿ ಹಾಕುತ್ತಾ ಬಲಗೈಯಲ್ಲಿ ನುಡಿಸಬೇಕು. ಅವರು ಅತ್ತ ತಿರುಗಿ ಬೋರ್ಡಿಗೆ ಬಣ್ಣ ಹಚ್ಚುತ್ತಿದ್ದರೂ ಕಿವಿ ಮಾತ್ರ ನನ್ನ ಕಡೆಗೇ. ಸ್ವರ ತಪ್ಪಿದರೆ ಸುಮ್ಮನಿರುತ್ತಿದ್ದರು. ತಾಳ ತಪ್ಪಿದರೆ ಬ್ರಷ್ಷಿನ ಹಿಡಿ ಮೇಜಿಗೆ ಬೀಳುತ್ತಿತ್ತು. "ಸ್ವರ ತಪ್ಪಿದ್ರೆ ದೇವರು ಕ್ಷಮಿಸ್ತಾನೆ. ತಾಳ ತಪ್ಪಿದ್ರೆ ಹಿಂದೆ ಹಾಡುವ ಹತ್ತು ಜನ ಬೀಳ್ತಾರೆ ಮಾರಾಯ್ತಿ." ಈ ಒಂದು ಬೈಗುಳ ನನ್ನ ಬೆರಳಿಗೆ ಎಷ್ಟು ಅಂಟಿತೆಂದರೆ ಮುಂದೆ ಅದರಿಂದಲೇ ಒಂದು ತಪ್ಪಾಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಆ ಹತ್ತು ವರ್ಷದಲ್ಲಿ ಫ್ಲೆಕ್ಸ್ ಬಂತು. ಬೋರ್ಡು ಬರೆಸುವವರು ಕಡಿಮೆಯಾದರು. ಸತ್ತವರ ಫೋಟೋವನ್ನೂ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ, ಹಿಂದೆ ನೀಲಿ ಆಕಾಶ ಹಾಕಿ, ಒಂದೇ ಗಂಟೆಯಲ್ಲಿ ಕೊಡತೊಡಗಿದರು. ಮಹಾಬಲಣ್ಣ ಅದರ ಬಗ್ಗೆ ಗೋಳಾಡಿದ್ದನ್ನು ನಾನು ಕೇಳಿಲ್ಲ. ೨೦೧೧ರಲ್ಲಿ ನನ್ನ ಮದುವೆಗೆ ಎರಡು ದಿನ ಮೊದಲೇ ಬಂದು ಥರ್ಮೋಕೋಲಿನಲ್ಲಿ 'ಅಮೂಲ್ಯಾ – ಶರತ್ಚಂದ್ರ' ಎಂದು ಕತ್ತರಿಸಿ ಮಂಟಪದ ಹಿಂದೆ ಅಂಟಿಸಿದರು. ಊಟಕ್ಕೆ ಕೂತಾಗ ನನ್ನ ಗಂಡನಿಗೆ ಹೇಳಿದ್ದು ಇಷ್ಟು: ಇವಳಿಗೆ ಅಡಿಗೆ ಬರುವುದಿಲ್ಲ, ತಾಳ ಬರುತ್ತದೆ, ಸುಧಾರಿಸಿಕೊಳ್ಳಿ.

ಮದುವೆಯಾಗಿ ಅದೇ ಪಂಚಾಯತಿನಲ್ಲಿ ಎರಡು ಕಿಲೋಮೀಟರ್ ಆಚೆ ಬಂದದ್ದಷ್ಟೇ. ಆದರೂ ಮಾಳಿಗೆ ಹತ್ತುವುದು ತಪ್ಪಿತು. ಮಗು, ಅದರ ಜ್ವರ, ಅಂಗನವಾಡಿ, ಅತ್ತೆಯ ಮೊಣಕಾಲು. ಬಂದ್ಯೋಡಿನಲ್ಲಿ ಬಸ್ಸಿನಿಂದಲೇ ಮೇಲೆ ನೋಡಿ ಕಿಟಕಿ ತೆರೆದಿದ್ದರೆ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

೨೦೧೭ರ ಜೂನ್ ಎಂಟರ ಪುಟದಲ್ಲಿ ಹೀಗೆ ಬರೆದಿದ್ದೇನೆ: 'ಗ್ಯಾಸ್ ಬುಕ್ ಮಾಡಿದ್ದು. ಮನ್ವಿಯ ಮಳೆಕೋಟು ಹರಿದಿದೆ. ಮಂಗಳೂರಿನಿಂದ ಬರುವ ಬಸ್ಸಿನಲ್ಲಿ ಮಹಾಬಲಣ್ಣ. ಪಕ್ಕದಲ್ಲೇ ಕೂತರೂ ನಾನೆಂದು ತಿಳಿಯಲಿಲ್ಲ.'

ನಾನೇ ಮಾತಾಡಿಸಿದ ಮೇಲೆ ಪೂರ್ತಿ ಮುಖ ತಿರುಗಿಸಿ ನೋಡಿದರು. ಕೈಯಲ್ಲಿ ಕಣ್ಣಿನ ಮದ್ದಿನ ಚೀಟಿ. ನೇರ ಎದುರಿಗಿರುವುದು ಮಾತ್ರ ಕಾಣುತ್ತದೆ, ಬದಿಯದ್ದು ಇಲ್ಲ, ಕೊಳವೆಯಲ್ಲಿ ನೋಡಿದ ಹಾಗೆ ಎಂದರು. ಕಣ್ಣಿನ ನರದ ತೊಂದರೆಯಂತೆ. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಮದ್ದು ಹಾಕಿ ಸ್ವಲ್ಪ ಕಾಲ ಹಿಡಿದಿಡಬಹುದು ಎಂದಿದ್ದರಂತೆ ಡಾಕ್ಟರು. ಅದನ್ನು ಅವರು ಇನ್ಯಾರದೋ ವಿಷಯ ಹೇಳುವ ಹಾಗೆ ಹೇಳಿದರು. ಕುಂಜತ್ತೂರು ದಾಟುವಾಗ ಕಿಟಕಿಯ ಹೊರಗೆ ಕೈ ತೋರಿಸಿ, ಇಲ್ಲೇ ಒಳಗೆ ನಮ್ಮ ಮನೆ ಇದ್ದದ್ದು ಎಂದರು. ಹದಿನಾರು ವರ್ಷದ ಪರಿಚಯದಲ್ಲಿ ಅವರು ತಮ್ಮ ಮನೆಯ ಸುದ್ದಿ ಎತ್ತಿದ್ದು ಅದೇ ಮೊದಲು.

ಅಪ್ಪ ಅಮ್ಮ ಬೇಗ ಹೋಗಿದ್ದರಂತೆ. ಸಾಕಿದ್ದು ಅಕ್ಕ ಶಂಕರಿ. ಅವಳು ದಿನವಿಡೀ ತಡ್ಪೆ ಎನ್ನುವ ಮೊರವನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಕಟ್ಟುವಾಗ ಒಂದು ಹಾಡು ಹೇಳುತ್ತಿದ್ದಳು. ಕಣ್ಣು ಎಲೆಯ ಮೇಲೆಯೇ. ಇವರು ಎದುರಿಗೆ ಕೂತು ಬೀಡಿಯ ಲೇಬಲ್ಲುಗಳ ಹಿಂದೆ ಇದ್ದಿಲಿನಿಂದ ಚಿತ್ರ ಬಿಡಿಸುತ್ತಾ, ಅಕ್ಕ ತಲೆಯೆತ್ತುವುದನ್ನು ಕಾಯುತ್ತಿದ್ದರು. ಇಪ್ಪತ್ತೈದು ಬೀಡಿಯಾಗಿ ಒಂದು ಕಟ್ಟು ಮುಗಿದಾಗ ಅವಳು ಒಮ್ಮೆ ತಲೆಯೆತ್ತಿ ತಮ್ಮ ಅಲ್ಲೇ ಇದ್ದಾನಾ ಎಂದು ನೋಡುತ್ತಿದ್ದಳು. ಮತ್ತೆ ತಲೆ ಕೆಳಗೆ. ಇವರಿಗೆ ಹನ್ನೆರಡಾಗಿದ್ದಾಗ ಅವಳು ಸುಸ್ತಾಗಿ ಬಿದ್ದಳು. ಆಸ್ಪತ್ರೆಗೆ ಕೊಂಡುಹೋಗುವಾಗ ಇವರು ಮನೆಯಲ್ಲಿರಲಿಲ್ಲ. ಯಾವುದೋ ಮದುವೆಯ ಬ್ಯಾಂಡಿನ ಹಿಂದೆ ಮಂಜೇಶ್ವರದವರೆಗೆ ನಡೆದುಹೋಗಿದ್ದರು. ಅಕ್ಕ ತಿರುಗಿ ಬರಲಿಲ್ಲ.

"ಊರವರದ್ದೆಲ್ಲ ಬಿಡಿಸಿದೆ. ಅವಳದ್ದೊಂದು ಬಾಕಿ ಉಂಟು" ಎಂದರು. "ಫೋಟೋ ಇಲ್ಲ. ಹಾಡಿನ ಪದವೂ ಹೋಯ್ತು, ರಾಗ ಮಾತ್ರ ಉಂಟು. ಅದನ್ನು ಪೆಟ್ಟಿಗೆಯಲ್ಲಿ ನುಡಿಸುವಾಗ ಅವಳ ಮುಖ ಸರಿಯಾಗಿ ಬರ್ತದೆ, ಮೂಗುಬೊಟ್ಟು ಸಮೇತ. ಆದ್ರೆ ಎರಡು ಕೈಯೂ ಪೆಟ್ಟಿಗೆಯಲ್ಲಿ ಇರ್ತದಲ್ಲ. ಕೈ ತೆಗ್ದು ಇದ್ದಿಲು ಹಿಡಿದ್ರೆ ಮುಖ ಇಲ್ಲ."

ಬಸ್ಸಿನಲ್ಲಿ ಇದನ್ನು ಕೇಳಿ ನಾನು ಮೊದಲು ಹೇಳಿದ್ದು, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಬಹುದಲ್ಲ ಎಂದು. ಅದನ್ನು ಮಾಡಿ ನೋಡಿಯಾಗಿದೆಯಂತೆ. ತಾನೇ ನುಡಿಸಿದ್ದನ್ನು ಕೇಳಿದರೆ ಕಾಣುವುದು ತನ್ನ ಬೆರಳುಗಳೇ ಅಂತೆ, ಅಕ್ಕನಲ್ಲ. ಬೇರೆ ಕೈ ಬೇಕು. ನಾನು ಆ ರಾಗ ಕಲಿತು, ಶನಿವಾರ ಬಂದು ನುಡಿಸಬೇಕು, ಅವರು ಬಿಡಿಸಬೇಕು. ಕಣ್ಣು ಪೂರ್ತಿ ಹೋಗುವ ಮೊದಲು.

ಅವರ ನುಡಿಸುವಿಕೆಯನ್ನು ಮೊಬೈಲಿನಲ್ಲಿ ತುಂಬಿಕೊಂಡು ಮನೆಗೆ ಬಂದೆ. ಮಾವ ಭಜನೆಗೆಂದು ತಂದಿಟ್ಟಿದ್ದ ಹಾರ್ಮೋನಿಯಂ ಅಟ್ಟದಿಂದ ಇಳಿಯಿತು. ಸಂಜೆ ಮನ್ವಿಯನ್ನು ಎದುರಿಗೆ ಕೂರಿಸಿಕೊಂಡು ಕಲಿತೆ. ಸಣ್ಣ ರಾಗ, ನಾಲ್ಕು ಸಾಲಿನದ್ದು, ಸುತ್ತಿ ಸುತ್ತಿ ಮೊದಲಿಗೇ ಬರುವಂಥದ್ದು. ಅವರ ನುಡಿಸುವಿಕೆಯಲ್ಲಿ ಅಲ್ಲಲ್ಲಿ ಬೆರಳು ತಡೆದ ಹಾಗೆ ಒಂದು ನಿಲುಗಡೆ ಇತ್ತು. ವಯಸ್ಸಾಯಿತು, ಪಾಪ, ಕೈ ನಡುಗುತ್ತದೆ ಎಂದುಕೊಂಡೆ. ಆ ಜಾಗಗಳನ್ನು ತುಂಬಿಸಿ ತಾಳಕ್ಕೆ ಸರಿಯಾಗಿ ಕೂರಿಸಿದೆ. ಗುರು ಕಲಿಸಿದ್ದು ಅದನ್ನೇ ಅಲ್ಲವೇ.

ಅತ್ತೆ ಎಲ್ಲ ಕೇಳಿಕೊಂಡು ಹೇಳಿದರು: "ನೀನು ಹೋಗು, ನುಡಿಸು. ಪುಣ್ಯದ ಕೆಲಸ. ಮಗುವನ್ನು ಮಾತ್ರ ಆ ಚಿತ್ರದ ಎದುರು ಕೂರಿಸ್ಬೇಡ. ನಿನ್ನನ್ನು ಕೂರಿಸಿದ್ದು ಸಾಕು." ನಾನು ಒಪ್ಪಿದೆ. ಹಾಗಾಗಿ ಶನಿವಾರ ಮಗು ಅತ್ತೆಯ ಹತ್ತಿರ, ನಾನು ಮಾಳಿಗೆಯಲ್ಲಿ.

ಮೊದಲ ಮೂರು ಶನಿವಾರ ಏನೂ ಆಗಲಿಲ್ಲ. ಜುಲೈ ತಿಂಗಳ ಮಳೆ, ತಗಡಿನ ಮಾಡಿನ ಮೇಲೆ ಅದರ ಸದ್ದು, ಕೆಳಗೆ ಹೈವೇಯ ಲಾರಿಗಳು. ನಾನು ನುಡಿಸುತ್ತಿದ್ದೆ. ಮಹಾಬಲಣ್ಣ ಹಾಳೆಯ ಎದುರು ಇದ್ದಿಲು ಹಿಡಿದು ಕೂತಿರುತ್ತಿದ್ದರು. ಒಂದು ಗೆರೆ ಎಳೆಯುವುದು, ಬಟ್ಟೆಯಿಂದ ಒರೆಸುವುದು. ಹಾಳೆ ಬೂದಿಬಣ್ಣವಾಯಿತು. ಚೆನ್ನಾಗಿ ನುಡಿಸುತ್ತೀ ಎಂದರೇ ಹೊರತು ಬರುತ್ತಿಲ್ಲ ಎನ್ನಲಿಲ್ಲ. ಮೂರನೆಯ ಶನಿವಾರ, ಇನ್ನು ನೀನು ಮಗುವನ್ನು ಬಿಟ್ಟು ಬರುವುದು ಬೇಡ ಎಂದುಬಿಟ್ಟರು. ಗಾಳಿಚೀಲ ಮುಚ್ಚಲೂ ಕೈ ಬರದೆ ಕೂತಿದ್ದೆ.

ಆಗ ಮೆಟ್ಟಿಲು ಹತ್ತಿ ಬಂದವರು ಮಮ್ಮಾಲಿಚ್ಚನ ಹೆಂಡತಿ ನಬೀಸುಮ್ಮ. ಚಹಾದ ಲೋಟಗಳನ್ನಿಟ್ಟು ಅಲ್ಲೇ ಬಾಗಿಲಿಗೆ ಒರಗಿ ಕೂತರು. ಮದುವೆಗೆ ಮೊದಲು ಅವರೂ ಬೀಡಿ ಕಟ್ಟುತ್ತಿದ್ದವರು. ಇನ್ನೊಮ್ಮೆ ನುಡಿಸು ಎಂದರು. ಕೇಳುತ್ತಾ ಅವರ ಬೆರಳು ಸೆರಗಿನ ಅಂಚನ್ನು ಸುರುಟುತ್ತಿತ್ತು. ಅರ್ಧಕ್ಕೆ ನನ್ನನ್ನು ನಿಲ್ಲಿಸಿ, ಮಗಳನ್ನು ಕರೆದ ಹಾಗೆ ಕರೆದು ಕೇಳಿದರು.

"ಮೋಳೆ, ಇದರಲ್ಲಿ ನೂಲು ಎಲ್ಲಿ ಕಟ್ಟುದು?"

ಯಾವ ನೂಲು ಎಂದು ಕೇಳಿದೆ.

"ಸುರುಟುವಾಗ ಹಾಡ್ಲಿಕ್ಕೆ ಆಗ್ತದೆ. ನೂಲು ಕಟ್ಟುವಾಗ ಆಗುದಿಲ್ಲ, ಉಸಿರು ಕೈಗೆ ಹೋಗ್ತದೆ. ನೀನು ನಿಲ್ಲದೆ ಹೋಗ್ತಾ ಇದ್ದೀ. ಹೀಗೆ ಕಟ್ಟಿದ್ರೆ ಬೀಡಿಯೆಲ್ಲ ಬಿಚ್ಚಿಹೋದೀತು."

ಮಹಾಬಲಣ್ಣ ಲೋಟವನ್ನು ಬಾಯಿಯ ಹತ್ತಿರ ತಂದವರು ಹಾಗೇ ನಿಂತರು. ಮೊಬೈಲಿನಲ್ಲಿದ್ದ ಅವರ ನುಡಿಸುವಿಕೆಯನ್ನು ಹಾಕಿ ಕೇಳಿದೆವು. ನಿಲುಗಡೆಗಳು ಬೆರಳು ತಡೆದದ್ದಲ್ಲ. ಎಲ್ಲ ಅವುಗಳ ಜಾಗದಲ್ಲೇ ಇದ್ದವು, ಒಂದೊಂದು ಬೀಡಿಗೆ ಒಂದೊಂದು. ಐವತ್ತೈದು ವರ್ಷ ಅವರ ಕೈ ಅದನ್ನು ತಿಳಿಯದೆಯೇ ಇಟ್ಟುಕೊಂಡಿತ್ತು. ನಾನು ತಿದ್ದಿ ಅಳಿಸಿದ್ದೆ.

"ತಾಳ ತಾಳ ಅಂತ ನಿನ್ನನ್ನು ಬೈದು ಬೈದು ಹಾಳು ಮಾಡಿದ್ದು ನಾನೇ" ಎಂದು ನಕ್ಕರು. ಆ ವರ್ಷ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮನೆಗೆ ಬಂದು ರಾಗವನ್ನು ಮೊದಲಿನಿಂದ ಕಲಿತೆ. ತಾಳ ಬಿಡುವುದು ತಾಳ ಹಿಡಿಯುವುದಕ್ಕಿಂತ ಕಷ್ಟ. ನಿಲ್ಲಬೇಕಾದ ಕಡೆ ಬೆರಳು ಓಡುತ್ತಿತ್ತು. ಕೊನೆಗೆ ಮೊಣಕಾಲ ಮೇಲೆ ಒಂದು ನೂಲಿನುಂಡೆ ಇಟ್ಟುಕೊಂಡೆ. ಸಾಲು ನಿಂತಾಗಲೆಲ್ಲ ಮನ್ವಿ ಅದರಿಂದ ಒಂದು ಸುತ್ತು ಬಿಚ್ಚಿ ತನ್ನ ಬೊಂಬೆಗೆ ಸುತ್ತಬೇಕು, ಸುತ್ತಿಯಾದ ಮೇಲೆ ನಾನು ಮುಂದಿನ ಸಾಲು ಹಿಡಿಯಬೇಕು. ಅವಳಿಗೆ ಅದು ಆಟ. ಹದಿನೈದು ದಿನದಲ್ಲಿ ಬೊಂಬೆಯ ಮುಖ ಕಾಣದಷ್ಟು ನೂಲಾಯಿತು, ನನಗೆ ರಾಗ ಬಂತು.

ಆಮೇಲಿನ ಶನಿವಾರಗಳ ಬಗ್ಗೆ ಡೈರಿಯಲ್ಲಿ ಹೆಚ್ಚು ಬರೆದಿಲ್ಲ. 'ಹಣೆ ಬಂತು.' 'ಕಿವಿ, ಓಲೆ.' 'ಕೆನ್ನೆ ಒಂದು ಬದಿ ಸಣ್ಣದು, ಅದು ಹಾಗೆಯೇ ಇದ್ದದ್ದಂತೆ.' ಚೌಕಗಳಿಲ್ಲದೆ ಅವರು ಬಿಡಿಸುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಬದಿಯದ್ದು ಕಾಣದ್ದರಿಂದ ತಲೆಯನ್ನು ಹಾಳೆಯ ಉದ್ದಕ್ಕೂ ನಿಧಾನವಾಗಿ ಸರಿಸುತ್ತಾ ಬಿಡಿಸುತ್ತಿದ್ದರು. ಚೌತಿ ಬರುವಷ್ಟರಲ್ಲಿ ಶಂಕರಿ ಹಾಳೆಯ ಮೇಲೆ ಇದ್ದಳು. ತಲೆ ಸ್ವಲ್ಪ ಬಾಗಿತ್ತು, ಕೂದಲು ಕಿವಿಯ ಹಿಂದೆ ಸಿಕ್ಕಿಸಿತ್ತು, ಮೂಗುಬೊಟ್ಟೂ ಇತ್ತು. ಕಣ್ಣಿನ ಜಾಗ ಬಿಳಿ.

ಅಲ್ಲಿಗೆ ನಿಂತಿತು. ರಾಗ ಬೇಕಾದಷ್ಟು ನುಡಿಸಿದೆ, ಆದರೆ ರಾಗದುದ್ದಕ್ಕೂ ಅವಳು ಕಣ್ಣು ತಗ್ಗಿಸಿಯೇ ಇದ್ದವಳು. ತಲೆಯೆತ್ತಿ ನೋಡುತ್ತಿದ್ದದ್ದು ಹಾಡು ಮುಗಿದ ಮೇಲೆ. ಆ ನೋಟ ಹಾಡಿನಿಂದ ಬರುವುದಿಲ್ಲ. ಅವರ ಪದ್ಧತಿಯಂತೆ ರಕ್ತಸಂಬಂಧದವರ ಕಣ್ಣು ಬೇಕು. ಅವಳಿಗೆ ಉಳಿದ ಸಂಬಂಧ ಇವರೊಬ್ಬರೇ. ಕನ್ನಡಿ ತಂದು ಎದುರಿಗಿಟ್ಟುಕೊಂಡರು. ತಮ್ಮ ಕಣ್ಣನ್ನು ತಾವೇ ಬಹಳ ಹೊತ್ತು ನೋಡಿದರು. ನಾನು ನೋಡದ ಹಾಗೆ ಕಿಟಕಿಯ ಕಡೆ ತಿರುಗಿದ್ದೆ.

"ಇದು ಕಾದು ಕೂತವನ ಕಣ್ಣು. ಅವಳದ್ದಲ್ಲ" ಎಂದು ಕನ್ನಡಿಯನ್ನು ಗೋಡೆಗೆ ಮುಖ ಮಾಡಿ ಇಟ್ಟರು.

ನನ್ನದು ಆಗಬಹುದಾ ಎಂದು ಕೇಳಿದೆ. ಅವರು ನನ್ನನ್ನು ನೇರ ಎದುರಿಗೆ ನಿಲ್ಲಿಸಿ ನೋಡಿ, ನಿನ್ನದನ್ನು ಒಮ್ಮೆ ನಿನ್ನ ಅಪ್ಪನಿಗೆ ಕೊಟ್ಟಾಗಿದೆ, ನಾನು ನೋಡಿದರೆ ಡ್ರೈವರೇ ಕಾಣುತ್ತಾರೆ ಎಂದರು.

ಶಂಕರಿಯ ಚಿತ್ರ ಮುಗಿದ ಮೇಲೆ ಅವರು ಹನ್ನೊಂದು ತಿಂಗಳು ಬದುಕಿದ್ದರು. ಕೊನೆಯ ನಾಲ್ಕು ತಿಂಗಳು ಏನೂ ಕಾಣುತ್ತಿರಲಿಲ್ಲ. ಮಮ್ಮಾಲಿಚ್ಚ ಅವರನ್ನು ಕೈ ಹಿಡಿದು ಇಳಿಸಿ ಅಂಗಡಿಯ ಎದುರು ಕುರ್ಚಿಯಲ್ಲಿ ಕೂರಿಸುತ್ತಿದ್ದರು. ನನ್ನ ಹೆಜ್ಜೆಯ ಸದ್ದಿಗೇ, ತಾಳ ಬಂತು ಎನ್ನುತ್ತಿದ್ದರು. ಚಿತ್ರವನ್ನು ನಮ್ಮ ಮನೆಗೆ ಕೊಟ್ಟದ್ದು ಆಗ. ನಾನು ನೋಡಿಯಾಯಿತು, ಇನ್ನು ಅವಳನ್ನು ನೋಡುವವರಿರುವ ಮನೆಯಲ್ಲಿರಲಿ ಎಂದರು. ಅತ್ತೆ ಮೊದಲು ಒಳಕೋಣೆಯಲ್ಲಿ ಹಾಕಿಸಿದರು. ಈಗ ಚಾವಡಿಗೆ ಬಂದಿದೆ. ವಾರಕ್ಕೊಮ್ಮೆ ಗಾಜು ಒರೆಸುವವರೂ ಅವರೇ.

ಈಗಲೂ ಬಂದ್ಯೋಡಿನಲ್ಲಿ ಬಸ್ಸಿಳಿದರೆ ಕತ್ತು ತಾನಾಗಿ ಮೇಲೆ ಹೋಗುತ್ತದೆ. ಕಿಟಕಿ ಮುಚ್ಚಿದೆ. ಮಮ್ಮಾಲಿಚ್ಚ ಕೋಣೆಯನ್ನು ಬೇರೆ ಯಾರಿಗೂ ಕೊಟ್ಟಿಲ್ಲ. ಗಿರಾಕಿಗಳು ಬೋರ್ಡು ಹಾಕಿಸಿ ಎಂದರೆ, ಬರೆಯುವವ ನಾಳೆ ಎಂದಿದ್ದಾನೆ ಎನ್ನುತ್ತಾರಂತೆ. ಶುಕ್ರವಾರ ಮಂದಿರದಲ್ಲಿ ಈಗ ನಾನೇ ನುಡಿಸುವುದು. ಒಂದು ಬಿಳಿ ಮನೆಯ ಮೇಲೆ ನೀಲಿ ಬೆರಳಚ್ಚು ಇನ್ನೂ ಉಂಟು. ಅದನ್ನು ಮುಟ್ಟುವಾಗ ಬೆರಳು ಸ್ವಲ್ಪ ತಡೆಯುತ್ತದೆ, ಹಿಂದೆ ಹಾಡುವವರು ಕಾಯುತ್ತಾರೆ. ಯಾರೂ ಬ್ರಷ್ಷಿನ ಹಿಡಿಯಿಂದ ಮೇಜಿಗೆ ಬಡಿಯುವುದಿಲ್ಲ.

ಮಗಳ ಪ್ರಶ್ನೆಗೆ ಉತ್ತರವಿರುವುದು ೨೦೧೭ರ ಸೆಪ್ಟೆಂಬರ್ ಒಂಬತ್ತರ ಪುಟದಲ್ಲಿ. ಚೌತಿ ಕಳೆದಿತ್ತು. ಶಾಲೆಗೆ ಓಣಂ ರಜೆ. ಅತ್ತೆ ನಾದಿನಿಯ ಮನೆಗೆ ಹೋಗಿದ್ದರು, ಮಗುವನ್ನು ಬಿಡುವ ಜಾಗವಿರಲಿಲ್ಲ. ಹಾಗಾಗಿ ಆ ಶನಿವಾರ ಮನ್ವಿಯೂ ಮಾಳಿಗೆಗೆ ಬಂದಳು. ಚಿತ್ರದ ಎದುರು ಕೂರಿಸಬೇಡ ಎಂಬ ಮಾತು ನೆನಪಿಟ್ಟುಕೊಂಡು ಅವಳನ್ನು ಕೋಣೆಯ ಆಚೆ ಮೂಲೆಯಲ್ಲಿ ನೆಲದ ಮೇಲೆ ಕೂರಿಸಿ, ಮಮ್ಮಾಲಿಚ್ಚ ಕೊಟ್ಟ ರಟ್ಟಿನ ತುಂಡನ್ನೂ ಒಂದು ಇದ್ದಿಲನ್ನೂ ಕೊಟ್ಟೆ. ನಾನು ಪೆಟ್ಟಿಗೆಯ ಹತ್ತಿರ ಕೂತೆ. ಮಹಾಬಲಣ್ಣ, ಇವತ್ತು ನುಡಿಸುವುದು ಬೇಡ, ಸುಮ್ಮನೆ ಮಾತಾಡುವ ಎಂದರು.

ಸ್ವಲ್ಪ ಹೊತ್ತಿನಲ್ಲಿ ಮೂಲೆಯಿಂದ ಗುನುಗು ಕೇಳಿತು. ಮನ್ವಿ ಬಸ್ಸು ಬಿಡಿಸುತ್ತಿದ್ದಳು. ಬಿಡಿಸುತ್ತಾ ಶಂಕರಿಯ ಹಾಡಿನ ರಾಗ ಹಾಡುತ್ತಿದ್ದಳು. ಎರಡು ತಿಂಗಳು ಮನೆಯಲ್ಲಿ ಕೇಳಿದ್ದಲ್ಲವೇ. ಸಾಲಿನ ಕೊನೆಗೆ ನಿಲ್ಲುತ್ತಿದ್ದಳು, ನೂಲಿನ ಒಂದು ಸುತ್ತಿನಷ್ಟು ಹೊತ್ತು, ಮತ್ತೆ ಮುಂದಿನ ಸಾಲು. ಕಣ್ಣು ರಟ್ಟಿನ ಮೇಲೆಯೇ. ಮಹಾಬಲಣ್ಣ ನಿಧಾನವಾಗಿ ಮುಖವನ್ನು ಆ ಕಡೆ ತಿರುಗಿಸಿದರು, ಅವಳು ಅವರ ಕೊಳವೆಯ ನಡುವೆ ಬರುವವರೆಗೆ.

ಬಸ್ಸಿನ ಕೊನೆಯ ಚಕ್ರ ಮುಗಿಯಿತು. ಹಾಡೂ ಮುಗಿಯಿತು. ಅವಳು ತಲೆಯೆತ್ತಿ, ಅಮ್ಮ ಅಲ್ಲೇ ಇದ್ದಾಳಾ ಎಂದು ಒಮ್ಮೆ ನೋಡಿದಳು. ಇದ್ದೆ. ಮತ್ತೆ ತಲೆ ಕೆಳಗೆ ಹಾಕಿ ಇನ್ನೊಂದು ಬಸ್ಸು ಶುರುಮಾಡಿದಳು.

ಮಹಾಬಲಣ್ಣನ ಕೈ ಹಾಳೆಯ ಹತ್ತಿರ ಹೋಗಿ ಅಲ್ಲೇ ನಿಂತಿತು. ಅವರು ಬರೆಯಲಿಲ್ಲ. ನನ್ನ ಕಡೆ ತಿರುಗಿದರು.

"ಅಮೂಲ್ಯಾ, ನಾನು ನಿನ್ನ ಹತ್ರ ಒಂದು ಕೇಳ್ತೇನೆ. ನೀನು ಆಗುದಿಲ್ಲ ಅಂದ್ರೆ ನಂಗೆ ಬೇಸರ ಇಲ್ಲ, ಆ ಜಾಗ ಹಾಗೇ ಬಿಳಿ ಇರ್ಲಿ. ಇವತ್ತೇ ಹೇಳ್ಬೇಕು ಅಂತಲೂ ಇಲ್ಲ. ನಿನ್ನ ಅತ್ತೆ ಬಂದ ಮೇಲೆ ಅವರ ಹತ್ರ ಕೇಳು, ಗಂಡನ ಹತ್ರ ಕೇಳು. ಒಪ್ಪಿದ್ರೆ ಮುಂದಿನ ಶನಿವಾರ ಮಗುವಿನ ಕಣ್ಣು ನಂಗೆ ಒಂದು ಹತ್ತು ನಿಮಿಷಕ್ಕೆ ಕೊಡು. ಅವಳನ್ನು ಸ್ಟೂಲಿನಲ್ಲಿ ಕೂರಿಸುದು ಬೇಡ, ಹೀಗೆ ನೋಡು ಹಾಗೆ ನೋಡು ಅಂತ ನಾನು ಹೇಳುದಿಲ್ಲ. ಅವಳಷ್ಟಕ್ಕೆ ಅಲ್ಲೇ ಬಿಡಿಸ್ತಾ ಇರ್ಲಿ. ನೀನು ಮಾತ್ರ ಈ ಪೆಟ್ಟಿಗೆಯ ಹತ್ತಿರದಿಂದ ಏಳ್ಬೇಡ. ಅವಳು ತಲೆ ಎತ್ತಿ ನೋಡುವಾಗ ನೀನು ಇಲ್ಲಿ ಇರ್ಬೇಕು."